ಸಹಾಯ ಬೇಕು: ‘ಕೈಂಡ್ ಆಫ್ ಬ್ಲೂ’ ಎಲ್‌ಪಿ, ಮೊದಲ ಬದಿಯ ಶ್ರುತಿ

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ (1959) ಹಳೆಯ ಎಲ್‌ಪಿ ಜೊತೆ ಕೀಬೋರ್ಡ್ ನುಡಿಸಿದರೆ ಮೊದಲ ಬದಿ ಶ್ರುತಿಗೆ ಕೂಡುವುದಿಲ್ಲ. ಆ ಬದಿಯ ‘ಸೋ ವಾಟ್’ ಡಿ ಡೋರಿಯನ್ (ಡಿ ಸ್ವರ ಆಧಾರವಾದ ಸ್ವರಶ್ರೇಣಿ). ಆದರೆ ಸ್ವರ ಡಿಗಿಂತ ಮೇಲೆ, ಅರ್ಧ ಸ್ವರ ಮೇಲಿನ ಇ ಫ್ಲಾಟ್‌ಗಿಂತ ಕೆಳಗೆ ನಿಲ್ಲುತ್ತದೆ. ಎರಡನೇ ಬದಿಯ ‘ಆಲ್ ಬ್ಲೂಸ್’ ಮಾತ್ರ ಜಿಗೆ ಸರಿಯಾಗಿ ಕೂರುತ್ತದೆ. ಅಂದರೆ ದೋಷ ಟರ್ನ್‌ಟೇಬಲ್‌ನದಲ್ಲ. ವೇಗ ಪರೀಕ್ಷಿಸುವ ಗೆರೆಗಳ ತಟ್ಟೆ, ಅಂದರೆ ಸ್ಟ್ರೋಬ್ ಡಿಸ್ಕ್ ಇಟ್ಟೂ ನೋಡಿದ್ದಾಯಿತು. (ನಮ್ಮ 50 ಹರ್ಟ್ಸ್ ಕರೆಂಟಿಗೆ 180 ಗೆರೆಗಳದ್ದೇ ಬೇಕು, ಅಮೆರಿಕದ 216 ಗೆರೆಗಳದ್ದು ದಾರಿ ತಪ್ಪಿಸುತ್ತದೆ. ಮಿಣುಕದ ಎಲ್‌ಇಡಿ ಬೆಳಕಲ್ಲಿ ಎರಡೂ ಕೆಲಸಕ್ಕೆ ಬಾರವು.)

ಕಾರಣ ಗೊತ್ತಿರುವುದೇ: ಮಾರ್ಚ್ 2ರ ಧ್ವನಿಮುದ್ರಣದಲ್ಲಿ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು, ಸರಿಯಾದ ವೇಗದಲ್ಲಿ ಕೇಳಿದಾಗ ಸ್ವರ ಏರುತ್ತದೆ. ಏಪ್ರಿಲ್ 22ರ ಎರಡನೇ ಬದಿಗೆ ಆ ಕಾಟವಿಲ್ಲ. 1992ರ ಮರುಬಿಡುಗಡೆಯಲ್ಲಿ ಇನ್ನೊಂದು ಯಂತ್ರದ ಟೇಪ್ ಬಳಸಿ ಸರಿಪಡಿಸಿದರು.

ತಿಳಿದವರು ಹೇಳಿ: ಸರಿಪಡಿಸಿದ ಟೇಪಿನಿಂದ ಬಂದ ಎಲ್‌ಪಿ ಯಾವುದು? ಕವರ್ ಫೋಟೊ ಸಾಲದು, ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿರುವ ಸಂಖ್ಯೆ ಬೇಕು. ಹಳೆಯದನ್ನೇ ಟರ್ನ್‌ಟೇಬಲ್‌ನ ವೇಗ ಬದಲಿಸುವ ಪಿಚ್ ಸ್ಲೈಡರ್‌ನಿಂದ ಇಳಿಸುವವರು ಎಷ್ಟು ಶೇಕಡಾ ಇಡುತ್ತೀರಿ? ಅರ್ಧ ಸ್ವರಕ್ಕೇ ಸುಮಾರು 6 ಆಗುತ್ತದೆ, ಆದ್ದರಿಂದ ಅದಕ್ಕಿಂತ ಕಡಿಮೆಯೇ ಇರಬೇಕು. ಅಳೆಯುವಾಗ ಬಿಲ್ ಇವಾನ್ಸ್‌ರ ಪಿಯಾನೊ ಹಿಡಿಯಿರಿ; ಟ್ರಂಪೆಟ್ ಸ್ವರ ತುಟಿಯ ಒತ್ತಡಕ್ಕೆ ಅಲುಗಾಡುತ್ತದೆ.