ಪದಚರ್ಚೆ: ‘ಅಕ್ರಮ ಬಂಧನ’ಕ್ಕೆ ‘ಪರಿಹಾರ’, ಈ ಎರಡು ಪದ ಸಾಕೇ?

ಪ್ರಶ್ನೆ: ತೀರ್ಪುಗಳನ್ನು ಕನ್ನಡಕ್ಕೆ ತರುವಾಗ ಅನ್‌ಲಾಫುಲ್ ಅರೆಸ್ಟ್, ರಾಂಗ್‌ಫುಲ್ ಕನ್‌ಫೈನ್‌ಮೆಂಟ್ ಎರಡಕ್ಕೂ ‘ಅಕ್ರಮ ಬಂಧನ’ ಎಂದೇ ಬರೆಯುತ್ತಿದ್ದೇವೆ. ರಿಲೀಫ್, ಕಾಂಪೆನ್ಸೇಷನ್, ಡ್ಯಾಮೇಜಸ್ ಮೂರೂ ‘ಪರಿಹಾರ’ ಆಗಿಬಿಡುತ್ತವೆ. ಬೇರೆ ಬೇರೆ ಪದ ಬೇಕೇ, ಸಂದರ್ಭದಿಂದಲೇ ತಿಳಿಯುತ್ತದೆಯೇ?

ಉತ್ತರ: ತಿಳಿಯುವುದಿಲ್ಲ, ಬೇರೆ ಪದಗಳು ಬೇಕೇ ಬೇಕು.

ಅರೆಸ್ಟ್‌ಗೆ ಠಾಣೆಯ ಕಾಗದಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ದಸ್ತಗಿರಿ’ಯನ್ನೇ ಇಟ್ಟುಕೊಳ್ಳಿ. ಪಾರಸಿಯಲ್ಲಿ ದಸ್ತ್ ಎಂದರೆ ಕೈ. ಹಿಡಿಯುವ ಆ ಗಳಿಗೆಯನ್ನು ಈ ಪದ ಹೇಳುತ್ತದೆ. ಹಿಡಿದವರನ್ನು ಕೂಡಿಟ್ಟುಕೊಳ್ಳುವುದು (ಕನ್‌ಫೈನ್‌ಮೆಂಟ್) ಬೇರೆ ಕ್ರಿಯೆ, ‘ಬಂಧನ’ ಅದಕ್ಕಿರಲಿ. ದಸ್ತಗಿರಿ ಸಕ್ರಮವಾಗಿದ್ದರೂ, ಪ್ರಯಾಣದ ಹೊತ್ತು ಕಳೆದು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದಿದ್ದರೆ ಅಲ್ಲಿಂದಾಚೆಗಿನ ಬಂಧನ ಅಕ್ರಮ. ಹಿಡಿದ ಕಾರಣವನ್ನೇ ತಿಳಿಸದಿದ್ದರೆ ಸಂವಿಧಾನದ 22(1)ನೇ ವಿಧಿಯ ಉಲ್ಲಂಘನೆ. ಆಗ ದಸ್ತಗಿರಿಯೇ ಬುಡದಲ್ಲಿ ಕೆಟ್ಟಂತೆ. ಎರಡಕ್ಕೂ ಒಂದೇ ಪದ ಹಾಕಿದರೆ ತಪ್ಪು ಯಾವ ಗಳಿಗೆಯಲ್ಲಿ ಆಯಿತೆಂಬುದು ಅನುವಾದದಲ್ಲಿ ಅಳಿಸಿಹೋಗುತ್ತದೆ.

‘ವಿಚಾರಣೆಗೆ ಕರೆದೊಯ್ದರು’ ಎಂಬ ಪತ್ರಿಕಾ ಮಾತಿನ ಬಗ್ಗೆ ಬಹಳ ಎಚ್ಚರ ಬೇಕು. ಸೋಮವಾರ ಸಂಜೆ 6ಕ್ಕೆ ಮನೆಯಿಂದ ಕರೆದೊಯ್ದು ಹೊರಗೆ ಬಿಡದೆ ಕೂರಿಸಿ, ದಸ್ತಗಿರಿ ಮೆಮೊದಲ್ಲಿ ‘ಮಂಗಳವಾರ ಬೆಳಿಗ್ಗೆ 11’ ಎಂದು ಬರೆದರೆ 17 ಗಂಟೆ ಕಾಗದದಿಂದ ಮಾಯ. ಎದ್ದು ಹೋಗುವ ಸ್ವಾತಂತ್ರ್ಯ ಎಂದು ತಪ್ಪಿತೋ ಅಂದಿನಿಂದಲೇ ಲೆಕ್ಕ ಹಿಡಿಯಬೇಕೆಂಬುದು ಇಂಥ ಪ್ರಕರಣಗಳಲ್ಲಿ ಎದ್ದುಬರುವ ವಾದ. ಮೂಲದಲ್ಲಿ ಡಿಟೇನ್ಡ್ (ಹಿಡಿದಿಟ್ಟರು) ಎಂದಿರುವಲ್ಲಿ ‘ಕರೆದೊಯ್ದರು’ ಎಂದು ಮೃದುವಾಗಿಸಿದರೆ ಆ ವಾದವನ್ನೇ ಕೆಡಿಸಿದಂತೆ.

‘ತಪ್ಪು ಬಂಧನ’ವನ್ನಂತೂ ಬಿಟ್ಟುಬಿಡಿ. ನಿರಪರಾಧಿಯನ್ನು ಹಿಡಿದ ಮಾತ್ರಕ್ಕೆ, ಮುಂದೆ ಖುಲಾಸೆಯಾದ ಮಾತ್ರಕ್ಕೆ ದಸ್ತಗಿರಿ ಅಕ್ರಮವಾಗುವುದಿಲ್ಲ. ಹಿಡಿದಾಗ ಸಕಾರಣವಾದ ಸಂಶಯ ಇತ್ತೇ, ಕ್ರಮ ಪಾಲನೆಯಾಯಿತೇ ಎಂಬುದೇ ಪ್ರಶ್ನೆ.

ಇನ್ನು ‘ಪರಿಹಾರ’. ರುದುಲ್ ಸಾಹ್ ಪ್ರಕರಣ ನೋಡಿ. 1968ರಲ್ಲಿ ಖುಲಾಸೆಯಾದ ಮೇಲೂ ಬಿಹಾರದ ಜೈಲಿನಲ್ಲಿ 14 ವರ್ಷ ಕಳೆದವರು. 1983ರಲ್ಲಿ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಲ್ಲೇ (ಮೂಲಭೂತ ಹಕ್ಕಿನ ರಕ್ಷಣೆಗೆ ನೇರ ಸಲ್ಲಿಸುವ ಅರ್ಜಿ) ಒಟ್ಟು 35,000 ರೂಪಾಯಿ ಕೊಡಿಸಿತು. ಇದರಿಂದ ಸಿವಿಲ್ ದಾವೆ ಹೂಡುವ ಹಕ್ಕಿಗೆ ಅಡ್ಡಿಯಿಲ್ಲ ಎಂದೂ ಹೇಳಿತು. ಎರಡಕ್ಕೂ ‘ಪರಿಹಾರ’ ಎಂದು ಬರೆದರೆ ‘ಪರಿಹಾರ ಕೊಟ್ಟಿದ್ದರಿಂದ ಪರಿಹಾರ ಕೇಳಲು ಅಡ್ಡಿಯಿಲ್ಲ’ ಎಂಬ ಅರ್ಥವಿಲ್ಲದ ವಾಕ್ಯ ಬರುತ್ತದೆ. ಮೂಲಭೂತ ಹಕ್ಕಿನ ಭಂಗಕ್ಕೆ ಸರ್ಕಾರ ತೆರುವುದು (ಕಾಂಪೆನ್ಸೇಷನ್) ‘ಪರಿಹಾರ ಧನ’, ದಾವೆಯಲ್ಲಿ ಹಾನಿಯನ್ನು ರುಜುವಾತುಪಡಿಸಿ ಪಡೆಯುವುದು (ಡ್ಯಾಮೇಜಸ್) ‘ನಷ್ಟಪರಿಹಾರ’ ಎಂದಿಟ್ಟರೆ ಗೊಂದಲವಿಲ್ಲ. ದಾವೆಗೆ ಕಾಲಮಿತಿ ಬಂಧನ ಮುಗಿದ ದಿನದಿಂದ ಬರೀ 1 ವರ್ಷ. ಎರಡೂ ಒಂದೇ ಎಂದುಕೊಂಡು ಸುಮ್ಮನಿದ್ದರೆ ಅದು ಮೀರಿಹೋಗುತ್ತದೆ. ಹೀಗಾಗಿ ಇದು ಓದುಗರಿಗೆ ಪದದ ಚಪಲವಲ್ಲ, ಹಕ್ಕು ಕಳೆದುಕೊಳ್ಳುವ ಮಾತು.

ಮೂರನೆಯ ಬಗೆಯ ಪರಿಹಾರವೊಂದಿದೆ, ಹೆಚ್ಚು ಎಡವುವುದು ಅಲ್ಲೇ. ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಮು (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 358). ಸಾಕಷ್ಟು ಆಧಾರವಿಲ್ಲದೆ ಪೊಲೀಸರಿಂದ ಇನ್ನೊಬ್ಬರನ್ನು ದಸ್ತಗಿರಿ ಮಾಡಿಸಿದವರಿಂದ ಮ್ಯಾಜಿಸ್ಟ್ರೇಟರು ಗರಿಷ್ಠ 1,000 ರೂಪಾಯಿ ಕೊಡಿಸಬಹುದು. ಇಲ್ಲಿ ತೆರುವವರು ದೂರು ಕೊಟ್ಟು ಹಿಡಿಸಿದವರು, ಸರ್ಕಾರವಲ್ಲ. ಆದ್ದರಿಂದ ಯಾರು ಕೊಡಬೇಕೆಂಬುದನ್ನು ವಾಕ್ಯದಲ್ಲೇ ಸೇರಿಸಿ ಬರೆಯಿರಿ.

ಇನ್ನುಳಿದದ್ದು, ಅರ್ಜಿದಾರರು ಕೋರ್ಟಿನಿಂದ ಬೇಡುವ ರಿಲೀಫ್. ಅದಕ್ಕೆ ‘ಕೋರಿಕೆ’ ಸಾಕು.