ಹಾರುವ ಹದ್ದಿನ ರೆಕ್ಕೆಗೆ ‘ಮಸುಕು’ ಎನ್ನಬಹುದೇ?

ಹಾರುವ ಹಕ್ಕಿಯ ಫೋಟೊದಲ್ಲಿ ಕಣ್ಣು, ಕೊಕ್ಕು ನಿಚ್ಚಳವಾಗಿದ್ದು ರೆಕ್ಕೆಯ ತುದಿ ಮಾತ್ರ ಎಳೆದ ಗೆರೆಯಾಗಿ ಮೂಡುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಮಸುಕಾಗಿದೆ’ ಅಥವಾ ‘ಅಲುಗಿದೆ’ ಎಂದು ಬರೆಯುವುದು ರೂಢಿ. ಎರಡೂ ದೋಷ ಹೇಳುವ ಮಾತುಗಳು. ಗಾಜು ಒರೆಸದಿದ್ದರೆ ಮಸುಕು, ಕೈ ನಡುಗಿದರೆ ಅಲುಗು. ಬೇಕೆಂದೇ ತಂದ ಚಲನೆಗೆ ಇವು ಸಲ್ಲವು.

ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಇಳಿಸುವ ಹೊತ್ತಿಗೆ ಗರುಡಗಳೂ ಕರಿ ಹದ್ದುಗಳೂ ತಲೆಯ ಮೇಲೆ ಗಿರಕಿ ಹೊಡೆಯುತ್ತವೆ. ಷಟರ್ ವೇಗವನ್ನು, ಎಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, ಸೆಕೆಂಡಿನ 1/2000ಕ್ಕೆ ಇಟ್ಟರೆ ಗರಿಗರಿಯೂ ಎಣಿಸುವಂತೆ ಸಿಗುತ್ತದೆ. ಆದರೆ ಚಿತ್ರದಲ್ಲಿ ಹಕ್ಕಿ ನಿಂತುಬಿಡುತ್ತದೆ. 1/60ಕ್ಕೆ ಇಳಿಸಿ, ಗರುಡ ಸಾಗಿದ ವೇಗದಲ್ಲೇ ಸೊಂಟದಿಂದ ತಿರುಗುತ್ತ ಕ್ಯಾಮೆರಾ ಒಯ್ಯಬೇಕು. ಆಗ ಬಿಳಿ ತಲೆ ಸ್ಪಷ್ಟವಾಗಿ ಉಳಿಯುತ್ತದೆ, ರೆಕ್ಕೆಯ ಕಪ್ಪು ತುದಿ ಕಮಾನು ಎಳೆಯುತ್ತದೆ, ಹಿಂದಿನ ದೋಣಿಗಳ ನೀಲಿ ಕೆಂಪು ಬಣ್ಣಗಳು ಅಡ್ಡಡ್ಡ ಹರಿಯುತ್ತವೆ. ಎಷ್ಟೋ ಚಿತ್ರ ಕೆಟ್ಟ ಮೇಲೆ ಇಂಥದೊಂದು ಒದಗುತ್ತದೆ. ಅದರ ಕೆಳಗೆ ‘ಮಸುಕು’ ಎಂದು ಬರೆಯಲು ನನಗಂತೂ ಮನಸ್ಸೊಪ್ಪುವುದಿಲ್ಲ.

ನನಗೆ ಒಪ್ಪುವ ಪದ ‘ಬೀಸು’. ಗಾಳಿ ಬೀಸುತ್ತದೆ, ಚಾಮರ ಬೀಸುತ್ತಾರೆ, ಹಿಟ್ಟು ಬೀಸುತ್ತಾರೆ. ಎಲ್ಲದರಲ್ಲೂ ಒಂದು ಸುತ್ತು, ಒಂದು ವೇಗ ಇದೆ. ಕಾಳಿ ನದಿಯ ಅಳಿವೆಯಲ್ಲಿ ಬಲೆ ಬೀಸುವವರು ಸೊಂಟ ತಿರುಗಿಸುವ ಬಗೆಯೇ ಕ್ಯಾಮೆರಾ ಹಿಡಿದವನಿಗೂ ಬೇಕು. ಹಾಗಾಗಿ ಚಿತ್ರದಲ್ಲಿ ಮೂಡಿದ್ದಕ್ಕೆ ‘ರೆಕ್ಕೆಯ ಬೀಸು’, ಹಕ್ಕಿಯ ಜೊತೆಗೇ ಕ್ಯಾಮೆರಾ ಒಯ್ಯುವ, ಎಲ್ಲರೂ ಪ್ಯಾನಿಂಗ್ ಎನ್ನುವ ಕೆಲಸಕ್ಕೆ ‘ಬೀಸಿ ತೆಗೆಯುವುದು’ ಎಂದರೆ ಅರ್ಥ ತಾನಾಗಿ ಹೊಂದುತ್ತದೆ. ‘ಚಲನಾ ಅಸ್ಪಷ್ಟತೆ’ಯಂಥ ಕಟ್ಟುಪದಗಳಿಗಿಂತ ಇದು ಎಷ್ಟೋ ಮೇಲು.

ಇದರ ಜೊತೆಗೆ ‘ಎರಗು’ ಎಂಬುದನ್ನೂ ನೋಡಬೇಕು. ಹದ್ದು ಕೆಳಗಿಳಿದರೆ ಸಾಕು, ‘ಎರಗಿತು’ ಎಂದೇ ಬರೆಯುತ್ತೇವೆ. ಗರುಡ ನೀರಿಗೆ ಬೀಳುವುದಿಲ್ಲ. ಮೇಲ್ಮೈಗೆ ತಾಗುವಷ್ಟು ತಗ್ಗಿ, ಕಾಲು ಚಾಚಿ, ತೇಲುವ ಮೀನನ್ನು ಉಗುರಿನಿಂದ ಎತ್ತಿಕೊಂಡು ಹೋಗುತ್ತದೆ. ಇದಕ್ಕೆ ‘ಹೆಕ್ಕು’ ಸರಿ. ಚಳಿಗಾಲಕ್ಕೆ ವಲಸೆ ಬರುವ ಮೀನುಡೇಗೆ ಎಂಬ ಬೇಟೆಹಕ್ಕಿ ಕಾಲು ಮುಂದುಮಾಡಿ ನೀರಿಗೇ ಬೀಳುತ್ತದೆ, ಕೆಲವೊಮ್ಮೆ ಪೂರ್ತಿ ಮುಳುಗಿ ಏಳುತ್ತದೆ, ಅದು ‘ಧುಮುಕು’. ಓಡುವ ಬೇಟೆಯ ಮೇಲೆ ಬಿದ್ದಾಗ ‘ಎರಗು’ ಇರಲಿ. ಈ ಮೂರನ್ನೂ ಬೆರೆಸಿದರೆ ಚಿತ್ರದಲ್ಲಿ ಕಂಡದ್ದು ಶೀರ್ಷಿಕೆಯಲ್ಲಿ ಕಳೆದುಹೋಗುತ್ತದೆ.

ಬಲ್ಲವರಲ್ಲಿ ಎರಡು ಪ್ರಶ್ನೆ. ‘ಬೀಸು’ ನಾಮಪದವಾಗಿ ಒಂಟಿಯಾಗಿ ನಿಂತರೆ ಓದುಗರಿಗೆ ಹಿಡಿಸುತ್ತದೆಯೇ, ‘ಬೀಸುಗೆರೆ’ ಎಂದು ಬಿಡಿಸಿ ಹೇಳಬೇಕೇ? ಹಾಗೆಯೇ, ಎಸೆದ ಬಲೆ ನೀರು ಮುಟ್ಟುವ ಮುನ್ನ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಳ್ಳುವುದಕ್ಕೆ ಅಂಕೋಲಾ, ಕುಮಟಾ ಕಡೆಯ ಮೀನುಗಾರರ ಮಾತಿನಲ್ಲಿ ಬೇರೆ ಹೆಸರಿದ್ದರೆ ತಿಳಿಸಿ.