ವೀಣೆ ಬುರುಡೆನೂ ರೆಸೊನೇಟರ್, ಕಾರಿನ ಡಬ್ಬಿನೂ ರೆಸೊನೇಟರ್, ಎರಡೂ ಒಂದೇನಾ?

ಮೂಡಿಗೆರೆ_ಮಳೆ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೈಬೇಡಿ. ನಮ್ಮಜ್ಜಿ ಕಾಲದ ಒಂದು ವೀಣೆ ಅಟ್ಟದ ಮೇಲಿತ್ತು, ಮಗಳು ಕಲಿತೀನಿ ಅಂದ್ಲು ಅಂತ ಇಳಿಸಿದ್ವಿ, ನೋಡಿದ್ರೆ ಮೇಲ್ಗಡೆ ಸೋರೆ ಬುರುಡೆಗೆ ಇಲಿ ತೂತು ಹೊಡ್ದಿದೆ. ರಿಪೇರಿಯವ್ರು "ಪೇಪರ್ ಅರೆದು ಮಾಡಿದ ಬುರುಡೆ ಹಾಕ್ಕೊಡ್ತೀನಿ, ಹೆಸರಿಗೆ ರೆಸೊನೇಟರ್ ಅಷ್ಟೇ, ಇದ್ರೂ ಒಂದೇ ಇಲ್ದಿದ್ರೂ ಒಂದೇ" ಅಂದ್ರು. ಅದೇ ವಾರ ಕಾರು ಸರ್ವೀಸಿಗೆ ಬಿಟ್ಟಿದ್ದೆ (ಗ್ಯಾರೇಜ್ ಹೆಸರು ಬೇಡ), ಏರ್ ಫಿಲ್ಟರ್ ಪೈಪಿಗೆ ಅಂಟ್ಕೊಂಡಿದ್ದ ಒಂದು ಕರೀ ಪ್ಲಾಸ್ಟಿಕ್ ಡಬ್ಬಿ ಕಿತ್ತು, ತೂತಿಗೆ ಮುಚ್ಚಳ ಜಡಿದು ಕಳ್ಸಿದಾರೆ. ಕೇಳಿದ್ರೆ "ಕ್ಲಿಪ್ ಮುರ್ದಿತ್ತು ಸಾರ್, ಅದು ಬರೀ ರೆಸೊನೇಟರ್, ಬೇಡ"!! ಈಗ ಚಾರ್ಮಾಡಿ ಘಾಟಿ ಹತ್ತುವಾಗ 2500 ಆರ್‌ಪಿಎಂ ಹತ್ರ ಬಂದ್ರೆ ಸಾಕು, ಹೂಂಂಂ ಅಂತ ಕಾರೊಳಗೆಲ್ಲಾ ತುಂಬ್ಕೊಳ್ಳುತ್ತೆ, 3000 ದಾಟಿದ್ರೆ ತನ್ನಷ್ಟಕ್ಕೆ ಮಾಯ.

ನನ್ನ ತಲೆಬಿಸಿ ಏನಂದ್ರೆ, ವೀಣೆಲಿ ಇದ್ರೆ ಸದ್ದು ಜಾಸ್ತಿ ಅಂತಾರೆ, ಕಾರಲ್ಲಿ ತೆಗೆದ್ರೆ ಸದ್ದು ಜಾಸ್ತಿ ಆಯ್ತು. ಒಂದೇ ಹೆಸರಿಂದು ಎರಡು ಕಡೆ ಉಲ್ಟಾ ಕೆಲ್ಸ ಮಾಡುತ್ತಾ ಮಾರಾಯ್ರೆ? ನಾನು ಬಿಕಾಂ, ಫಾರ್ಮುಲಾ ಹಾಕಿ ಹೆದರಿಸ್ಬೇಡಿ.

ಸಾಲಗಾಮೆ_ರೋಡ್:
ಒಳ್ಳೆ ಪ್ರಶ್ನೆ ಸರ್, ನಾನು ಪಿಯುಸಿಗೆ ಫಿಸಿಕ್ಸ್ ಹೇಳ್ಕೊಡೋನು, ಹುಡುಗ್ರು ಯಾರೂ ಇಷ್ಟು ನೀಟಾಗಿ ಕೇಳಲ್ಲ.

ರೆಸೊನೇಟರ್ ಅಂದ್ರೆ ತನ್ನದೇ ಸ್ವರ ಸಿಕ್ಕಾಗ ಜೋರಾಗಿ ಅಲ್ಲಾಡೋ ವಸ್ತು. ಮೊದಲು ಒಂದು ಖಾಲಿ ಬಾಟ್ಲಿ ತಗೊಂಡು ಬಾಯಿಗೆ ಅಡ್ಡಡ್ಡ ಊದಿ. ಬೂಂ ಅನ್ನುತ್ತಲ್ಲ, ಅಲ್ಲಿ ಕುತ್ತಿಗೆಲಿರೋ ಗಾಳಿ ತೂಕದ ಥರ, ಹೊಟ್ಟೆಲಿರೋ ಗಾಳಿ ಸ್ಪ್ರಿಂಗ್ ಥರ, ತೂಕ ಸ್ಪ್ರಿಂಗ್ ಮೇಲೆ ಕುಣೀತಾ ಇರುತ್ತೆ. 750 ಎಂಎಲ್ ಬಾಟ್ಲಿ ಆದ್ರೆ ಸೆಕೆಂಡಿಗೆ ಹೆಚ್ಚುಕಮ್ಮಿ 120 ಸಲ. ನೀರು ಹಾಕ್ತಾ ಹೋದ್ರೆ ಸ್ಪ್ರಿಂಗ್ ಬಿಗಿಯಾಗಿ ಸ್ವರ ಮೇಲೇರುತ್ತೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅಂತ ಒಬ್ಬ 19ನೇ ಶತಮಾನದಲ್ಲಿ ಇದೇ ಥರದ ಹಿತ್ತಾಳೆ ಗುಂಡುಗಳನ್ನ ಸೈಜುವಾರು ಇಟ್ಕೊಂಡಿದ್ದ. ಒಂದು ತೂತು ಸದ್ದಿನ ಕಡೆ, ಇನ್ನೊಂದು ಸಣ್ಣ ಮೂತಿ ಕಿವಿಯೊಳಗೆ. ಹತ್ತು ಸ್ವರ ಕಲಸಿರೋ ಸದ್ದಲ್ಲಿ ತನ್ನ ಒಂದು ಸ್ವರ ಇದ್ರೆ ಮಾತ್ರ ಆ ಗುಂಡು ಗುಂಯ್ ಅನ್ನೋದು, ಇಲ್ಲಾಂದ್ರೆ ಸುಮ್ನೆ.

ಈಗ ನಿಮ್ಮ ಕಾರು. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಗಾಳಿ ಎಳೆಯುತ್ತೆ, 2500 ಆರ್‌ಪಿಎಂಗೆ ಲೆಕ್ಕ ಹಾಕಿದ್ರೆ ಸೆಕೆಂಡಿಗೆ ಸುಮಾರು 83 ಸಲ. ನಿಮಗೆ ಕೇಳ್ತಿರೋ ಹೂಂ ಅದೇ ಇರ್ಬೇಕು. ಆ ಡಬ್ಬಿನ ಅದರ ಆಸುಪಾಸಿಗೇ ಅಳತೆ ಮಾಡಿ ಪೈಪಿಗೆ ಪಕ್ಕದಲ್ಲಿ ಸೇರಿಸಿರ್ತಾರೆ. ಪೈಪಲ್ಲಿ ಒತ್ತಡ ಏರೋ ಹೊತ್ತಿಗೆ ಡಬ್ಬಿ ಗಾಳಿ ಒಳಗೆಳ್ಕೊಳ್ಳುತ್ತೆ, ಇಳಿಯೋ ಹೊತ್ತಿಗೆ ವಾಪಸ್ ಬಿಡುತ್ತೆ, ಹಂಗಾಗಿ ಅದೊಂದು ಸ್ವರ ಹೊರಗೆ ಬರೋದೇ ಇಲ್ಲ. ಮೆಕ್ಯಾನಿಕ್ "ಬರೀ" ಅಂದಿದ್ದು ಇದನ್ನ. ಅದಿಲ್ದೆ ಎಂಜಿನ್ ಓಡುತ್ತೆ ನಿಜ, ಕಿವಿ ಓಡಲ್ಲ.

ವೀಣೆ ಕಥೆ ಬೇರೆ. ತಂತಿ ಸಣ್ಣದು, ಗಾಳಿನ ಸೀಳ್ಕೊಂಡು ಹೋಗುತ್ತೆ ಹೊರತು ತಳ್ಳಲ್ಲ. ಅದರ ಅಲುಗಾಟ ಕುದುರೆ (ತಂತಿ ಕೂರೋ ಸಣ್ಣ ಆಸರೆ) ಮೂಲಕ ಕೊಡದ, ಅಂದ್ರೆ ವೀಣೆಯ ಟೊಳ್ಳು ಮರದ ಹೊಟ್ಟೆಯ, ಅಗಲದ ಹಲಗೆಗೆ ಇಳಿದ್ರೆ ಹಲಗೆ ಗಾಳಿನ ತಳ್ಳುತ್ತೆ. ಆದ್ರೆ ಕೊಡ ಹೊಸದಾಗಿ ಶಕ್ತಿ ಹುಟ್ಟಿಸಲ್ಲ, ತಂತಿಲಿ ಇದ್ದಿದ್ದನ್ನೇ ಬೇಗ ಬೇಗ ಖರ್ಚು ಮಾಡ್ಸುತ್ತೆ. ಅದೇ ತಂತಿನ ದಪ್ಪ ಬಂಡೆಗೆ ಬಿಗಿದು ಮೀಟಿ ನೋಡಿ, ಸದ್ದು ಕಮ್ಮಿ ಆದ್ರೆ ತುಂಬಾ ಹೊತ್ತು ಇರುತ್ತೆ. ಬಿಕಾಂ ಭಾಷೇಲಿ, ಎರಡೂ ಕಡೆ ಆದಾಯ ಅಷ್ಟೇ, ಖರ್ಚಿನ ಖಾತೆ ಬೇರೆ ಬೇರೆ 😀

ಅರಕಲಗೂಡು_ವೀಣೆ:
ಮೇಲಿನ ಸರ್ ಹೇಳಿದ್ದು ಸರೀನೆ, ಆದ್ರೆ ವೀಣೆ ಕೊಡ ಬಾಟ್ಲಿ ಥರ ಅಲ್ಲ ಅನ್ನೋದನ್ನ ಇನ್ನೊಂಚೂರು ಬಿಡಿಸಿ ಹೇಳ್ತೀನಿ. ಬಾಟ್ಲಿ ಒಂದೇ ಸ್ವರಕ್ಕೆ ಓಗೊಡುತ್ತೆ. ಕೊಡ ಹಂಗೆ ಮಾಡಿದ್ರೆ ಕೆಟ್ಟ ವೀಣೆ ಅಂತ ಅರ್ಥ. ನನ್ನ ಹತ್ರ ಒಂದು ವೀಣೆ ಇತ್ತು, ಗಾಂಧಾರ ಮೀಟಿದ್ರೆ ಮಾತ್ರ ಕಿರುಚೋದು ಮತ್ತೆ ಪಟ್ಟಂತ ಸತ್ತೋಗೋದು, ಪಕ್ಕದ ಸ್ವರಗಳೆಲ್ಲ ಮಂಕು. ಒಳ್ಳೆ ಕೊಡ ಎಲ್ಲಾ ಸ್ವರಕ್ಕೂ ಅಷ್ಟಷ್ಟು ಕೊಡ್ಬೇಕು, ಯಾರ ಮೇಲೂ ವಿಶೇಷ ಪ್ರೀತಿ ಇರ್ಬಾರ್ದು. ಹಲಸಿನ ಮರನ ಅದಕ್ಕೇ ಹುಡ್ಕೋದು, ಕೆತ್ತೋರು ತಟ್ಟಿ ತಟ್ಟಿ ಕೇಳ್ಕೊಂಡು ತೆಳು ಮಾಡ್ತಾರೆ.

ಬುರುಡೆ ವಿಷ್ಯದಲ್ಲಿ ರಿಪೇರಿಯವ್ರು ಸುಳ್ಳು ಹೇಳಿಲ್ಲ ಕಣ್ರೀ. ನಮ್ಮ ಸರಸ್ವತಿ ವೀಣೇಲಿ ಅದು ಮುಖ್ಯವಾಗಿ ಎಡ ತೊಡೆ ಮೇಲೆ ದಂಡಿ (ವೀಣೆಯ ಉದ್ದನೆ ಕತ್ತು) ನಿಲ್ಲಿಸ್ಕೊಳ್ಳೋ ಆಸರೆ, ನಾದಕ್ಕೆ ಅದರ ಪಾಲು ಸ್ವಲ್ಪ. ಉತ್ತರದ ಕಡೆ ರುದ್ರವೀಣೆಗೆ ಎರಡು ದೊಡ್ಡ ಸೋರೆ ಬುರುಡೆ ಇರುತ್ತಲ್ಲ, ಅದರಲ್ಲಿ ಮರದ ಕೊಡನೇ ಇಲ್ಲ, ಅಲ್ಲಿ ತೂತಾದ್ರೆ ಅಳ್ಬೇಕು. ನೀವು ಪೇಪರಿಂದೇ ಹಾಕ್ಸಿ, ಆ ದುಡ್ಡಲ್ಲಿ ಕೊಡದ ಹಲಗೆ ಬಿರುಕು ಬಿಟ್ಟಿದ್ಯಾ, ಅಂಟು ಬಿಟ್ಟಿದ್ಯಾ ನೋಡಿಸಿ. ಅಟ್ಟದಲ್ಲಿ ಮಲೆನಾಡಿನ ಮಳೆಗಾಲ ಅಷ್ಟು ಕಂಡಿರೋ ಮರ.

ಮಗಳನ್ನ ಒಂದ್ಸಲ ನಮ್ಮ ತಾಲ್ಲೂಕಿನ ರುದ್ರಪಟ್ಟಣಕ್ಕೆ ಕರ್ಕೊಂಡು ಬನ್ನಿ, ಕಾವೇರಿ ದಡದಲ್ಲಿ ತಂಬೂರಿ ಆಕಾರದ ಮಂದಿರ ಇದೆ, ವಿದ್ವಾನ್ ಆರ್.ಕೆ. ಪದ್ಮನಾಭ ಅವ್ರು ಕಟ್ಸಿದ್ದು. ವಿಷಯಕ್ಕೆ ಸಂಬಂಧ ಇಲ್ಲ, ಊರಿನ ಅಭಿಮಾನ ಅಷ್ಟೇ.

ಹಾಸನ್_ಹುಡ್ಗ:
ಗುರು ನಮ್ಮೂರ ಇಸ್ರೋ ಸ್ಯಾಟಲೈಟ್ ಕಂಟ್ರೋಲ್ ಕೇಂದ್ರ ಎಂಸಿಎಫ್‌ನಲ್ಲಿ ದೊಡ್ಡ ದೊಡ್ಡ ತಟ್ಟೆ ಇದಾವಲ್ಲ, ಸ್ಯಾಟಲೈಟ್ ಮಾತಾಡೋದು ಕೇಳ್ಸುತ್ತೆ ಅಂದ್ರೆ ಅವೂ ರೆಸೊನೇಟರೇ ಅಲ್ವಾ

ಹಳೇ_ರೇಡಿಯೋ:
ಇಲ್ಲ ಕಣಪ್ಪ, ತಟ್ಟೆ ಬರೀ ಕನ್ನಡಿ, ಬಿದ್ದಿದ್ದನ್ನ ಒಂದು ಕಡೆಗೆ ಗುಡ್ಡೆ ಹಾಕುತ್ತೆ, ಅದಕ್ಕೆ ತನ್ನ ಸ್ವರ ಅಂತ ಇಲ್ಲ. ಸ್ಯಾಟಲೈಟ್ ಒಳಗೆ ಚಾನೆಲ್ ಚಾನೆಲ್ ಬೇರೆ ಮಾಡೋಕೆ ಫಿಲ್ಟರ್ ಇರುತ್ತಲ್ಲ, ರೆಸೊನೇಟರ್ ಇರೋದು ಅಲ್ಲಿ. ಟೊಳ್ಳು ಲೋಹದ ಡಬ್ಬಿಗಳು, ಒಳಗೆ ರೇಡಿಯೋ ಅಲೆ ಗೋಡೆಯಿಂದ ಗೋಡೆಗೆ ಪುಟೀತಾ ಇರುತ್ತೆ. 4 ಗಿಗಾಹರ್ಟ್ಸ್ ಅಲೆಯ ಉದ್ದ ಏಳೂವರೆ ಸೆಂಟಿಮೀಟರ್, ಅದರರ್ಧ ಜಾಗ ಇದ್ರೆ ನಿಲ್ಲುತ್ತೆ. ಮೂಡಿಗೆರೆಯವ್ರ ಕರೀ ಡಬ್ಬಿಯ ಬೆಂಕಿಪೊಟ್ಟಣ ಸೈಜಿನ ತಮ್ಮ ಅಂತ ಇಟ್ಕೊ. ಮೈಕ್ರೋವೇವ್ ಒಲೆಲಿ ಅಲೆ ಹುಟ್ಟಿಸೋ ಮ್ಯಾಗ್ನೆಟ್ರಾನಲ್ಲೂ ತಾಮ್ರದೊಳಗೆ ಸುತ್ತ ಇಂಥ ಗೂಡುಗಳೇ, 2450 ಮೆಗಾಹರ್ಟ್ಸ್, 1940ರಲ್ಲಿ ಬರ್ಮಿಂಗ್‌ಹ್ಯಾಮಲ್ಲಿ ರೇಡಾರಿಗೆ ಅಂತ ಮಾಡಿದ್ದು.

ನಾನು ಮೂವತ್ತು ವರ್ಷ ರೇಡಿಯೋ, ವಾಚು ರಿಪೇರಿ ಮಾಡಿದೋನು, ಹಂಗಾಗಿ ಅರಕಲಗೂಡು ಮೇಡಂ ಮಾತಿಗೆ ಒಂದು ಸೇರಿಸ್ತೀನಿ. ವೀಣೆಗೆ ಪಕ್ಷಪಾತ ಇರ್ಬಾರ್ದು ಅಂದ್ರಲ್ಲ, ವಾಚಿಗೆ ಪಕ್ಷಪಾತನೇ ಬೇಕು ಮೇಡಂ. ಕ್ವಾರ್ಟ್ಜ್ ವಾಚಲ್ಲಿ ಅಕ್ಕಿಕಾಳಷ್ಟು ಒಂದು ಡಬ್ಬಿ, ಅದರೊಳಗೆ ಎರಡು ಕಾಲಿನ ಕವೆ ಥರದ ಹರಳು, ಸೆಕೆಂಡಿಗೆ 32768 ಸಲ ಅಲ್ಲಾಡುತ್ತೆ, ಬೇರೆ ಏನೇ ಅಂದ್ರೂ ತಲೆ ಎತ್ತಲ್ಲ. ಈ ಸಂಖ್ಯೆ ಯಾಕೆ ಅಂದ್ರೆ ಹದಿನೈದು ಸಲ ಅರ್ಧ ಅರ್ಧ ಮಾಡಿದ್ರೆ ಕರೆಕ್ಟಾಗಿ 1 ಉಳಿಯುತ್ತೆ, ಅದೇ ಮುಳ್ಳಿನ ಟಿಕ್. ಕೊಡದ ಹಲಗೆ ತಟ್ಟಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಸುಮ್ಮನಾಗುತ್ತೆ, ಈ ಹರಳನ್ನ ತಟ್ಟಿ ಬಿಟ್ರೆ ಹತ್ತಾರು ಸಾವಿರ ಸಲ ತೂಗಿ ಆಮೇಲೆ ನಿಧಾನಕ್ಕೆ ನಿಲ್ಲೋದು. ರೇಡಿಯೋ ಟ್ಯೂನಿಂಗ್ ಇವೆರಡರ ಮಧ್ಯ. ಅದು ಹಿಡಿಯೋ ಪಟ್ಟಿ ತೀರಾ ಅಗಲ ಆದ್ರೆ ಎರಡು ಸ್ಟೇಷನ್ ಕಲೆಸ್ಕೊಳ್ಳುತ್ತೆ, ತೀರಾ ಸಪೂರ ಆದ್ರೆ ವಾರ್ತೆ ಓದೋರು ಕಂಬಳಿ ಹೊದ್ಕೊಂಡಂಗೆ ಕೇಳ್ಸುತ್ತೆ.

ಮೂಡಿಗೆರೆ_ಮಳೆ:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಗ್ಯಾರೇಜಿಗೆ ಹೋಗಿದ್ದೆ, ಪುಣ್ಯಕ್ಕೆ ಡಬ್ಬಿ ಗುಜರಿ ರಾಶಿ ಮೇಲೇ ಬಿದ್ದಿತ್ತು. ಸಾಲಗಾಮೆ ಸರ್ ಹೇಳಿದ್ರಲ್ಲಾ ಅಂತ ಒರೆಸಿ ಮೂತಿಗೆ ಬಾಯಿಟ್ಟು ಊದಿದೆ, ಬೂಂ ಅಂತು, ಘಾಟಿಲಿ ಕೇಳಿದ ಅದೇ ಸದ್ದು, ಅಲ್ಲಿದ್ದ ಹುಡುಗ್ರೆಲ್ಲ ಇವರಿಗೇನಾಯ್ತು ಅಂತ ನೋಡ್ತಿದ್ರು. ಕ್ಲಿಪ್ ಬದ್ಲು ಕೇಬಲ್ ಟೈ ಹಾಕಿ ಕೂರಿಸಿದಾರೆ, ಬರ್ತಾ 2500ರಲ್ಲಿ ಬೇಕಂತಲೇ ಓಡಿಸ್ದೆ, ಹೂಂ ಇಲ್ಲ. ವೀಣೆ ಹಲಗೆ ಅಂಚಲ್ಲಿ ಒಂದು ಗೇಣು ಅಂಟು ಬಿಟ್ಟಿದೆ ಮೇಡಂ, ನೀವು ಹೇಳದಿದ್ರೆ ನೋಡ್ತಾನೇ ಇರ್ಲಿಲ್ಲ, ಸೋಮವಾರ ರಿಪೇರಿಗೆ ಹೋಗುತ್ತೆ.